ಮೂರನೆಯ ಎಕ್ಸ್‌ಟೆನ್ಶನ್

ಎಕ್ಸ್‌ಟೆನ್ಶನ್ ಎಂಬ ಒಂದೇ ಶಬ್ದದಲ್ಲಿ ನನ್ನ ಬಾಳೆಲ್ಲ ಮುಗಿದಿದೆ. ಮನೆ ಇರುವುದು ಊರಾಚೆಯ ಒಂದು ಎಕ್ಸ್‌ಟೆನ್ಶನ್‌ನಲ್ಲಿ. ಕೆಲಸ, ವಿದ್ಯಾನಗರದ ಕಾಲೇಜೊಂದರ ಟೆಲಿಫೋನ್ ಬೋರ್ಡಿನ ಮುಂದೆ ಕೂತು, ಬಂದ ಕರೆಗಳನ್ನು ಒಳಗಿನ ಎಕ್ಸ್‌ಟೆನ್ಶನ್‌ಗಳಿಗೆ ಜೋಡಿಸುವುದು. ನಿವೃತ್ತಿಯ ವಯಸ್ಸು ದಾಟಿದ ಮೇಲೂ ಅದು ಉಳಿದದ್ದು ಎರಡು ಸಲ ಸಿಕ್ಕ ಒಂದೊಂದು ವರ್ಷದ ಎಕ್ಸ್‌ಟೆನ್ಶನ್‌ನಿಂದ. ಈಗ ಮೂರನೆಯದಕ್ಕೆ ಅರ್ಜಿ ಬರೆದಿದ್ದೆ. ಸಂಬಳದ ಆಸೆಗಲ್ಲ. ನಾನು ಮದುವೆಯಾದವಳಲ್ಲ, ಮನೆಯಲ್ಲಿ ಮಾತಿಗೆ ನರಪಿಳ್ಳೆಯಿಲ್ಲ. ಇಲ್ಲಿ ಕೂತರೆ ಯಾರಾದರೂ ‘ಹಲೋ’ ಅಂದಾರು.

ಆಫೀಸಿನ ಕಪಿಲ ಅರ್ಜಿ ಓದಿದ.

“ಸುಲಭಾಬಾಯಾರ, ಇದರ ಜೋಡಿ ಕರೆ ಬರ್ಯೂ ರಜಿಸ್ಟರ್ ಇಡಬೇಕ್ರಿ. ಬೋರ್ಡಿಗೆ ಕೆಲಸ ಅದ ಅಂತ ಕಮಿಟಿಗೆ ತೋರಿಸಬೇಕು.”

“ಹೋದ ವರ್ಷನೂ ಇಟ್ಟಿದ್ದೆ. ತಗೋ.”

ಹಾಳೆ ತಿರುವುತ್ತ ಹೋದವನ ಮುಖ ಸಣ್ಣದಾಯಿತು. “ಎರಡು ವರ್ಷದಿಂದ ದಿನಾ ಬಂದದ್ದು ಒಂದ ಕಾಲ್ ರಿ. ನಾಕಕ್ಕ, ಲೈಬ್ರರಿಯಿಂದ. ಜೂನ್‌ನಿಂದ ಅದೂ ಇಲ್ಲ. ಹಿಂಗಾದ್ರ ಸಿಗೂದು ಕಷ್ಟ್ರಿ.”

ಲೈಬ್ರರಿಯೆಂದರೆ ಎಕ್ಸ್‌ಟೆನ್ಶನ್ ೨೩೧, ಲೈಬ್ರೇರಿಯನ್ ಪಂಢರಿನಾಥರಾಯರು. ಕೈಗೆ ಮೊಬೈಲ್ ಬಂದು ಎಲ್ಲರೂ ನನ್ನ ಬೋರ್ಡನ್ನು ಮರೆತರೂ ಅವರು ಮಾತ್ರ ದಿನಾ ನಾಲ್ಕಕ್ಕೆ ಫೋನ್ ಮಾಡುತ್ತಿದ್ದರು. “ಬಾಯಾರ, ಟೈಮ್ ಎಷ್ಟಾತ್ರಿ?” ನನಗೆ ಸಿಟ್ಟು ಬರುತ್ತಿತ್ತು. “ನಾಕ್ರಿ” ಎಂದು ಇಟ್ಟುಬಿಡುತ್ತಿದ್ದೆ. ಕಾರಣದ ಕಾಲಮ್ಮಿನಲ್ಲಿ ‘ಸಮಯ ವಿಚಾರಣೆ’ ಎಂದು ಬರೆಯುತ್ತಿದ್ದೆ. ಮೇ ಕೊನೆಗೆ ಅವರು ನಿವೃತ್ತರಾದರು. ಬೀಳ್ಕೊಡುಗೆಗೆ ನಾನು ಹೋಗಲಿಲ್ಲ. ಅಷ್ಟರಲ್ಲಿ ಯಾರದಾದರೂ ಫೋನ್ ಬಂದರೆ?

“ಒಂದು ಗಡಿಯಾರ ತಗೊಳ್ಳಾಕ ಆಗಲಿಲ್ಲ ಆ ಮನಷ್ಯಾಗ,” ಎಂದೆ.

ಕಪಿಲ ತಲೆಯೆತ್ತಿದ. “ಅವರ ಟೇಬಲ್ ಎದುರಿಗೇ ದೊಡ್ಡ ಗಡಿಯಾರ ಅದಲ್ರಿ. ನೀವು ನೋಡಿಲ್ಲೇನು?”

ನೋಡಿರಲಿಲ್ಲ. ಮೂವತ್ತು ವರ್ಷ ಬೋರ್ಡ್ ಬಿಟ್ಟು ಎದ್ದು ಆ ಲೈಬ್ರರಿಯ ಮೆಟ್ಟಿಲು ಹತ್ತಿದವಳಲ್ಲ.

“ಹೋದ ವರ್ಷ ಕಮಿಟಿಯವರು ಈ ಬೋರ್ಡ್ ತಗದ ಬಿಡೂಣು ಅಂದಿದ್ರು. ದಿನಾ ಫೋನ್ ನಡೀತಾವ, ರಜಿಸ್ಟರ್ ನೋಡ್ರಿ ಅಂತ ರಾಯರ ಹೇಳಿದ್ರು,” ಎಂದ ಅವನು ಮೆಲ್ಲಗೆ.

ರಜಿಸ್ಟರನ್ನು ನನ್ನ ಕಡೆಗೆ ಎಳೆದುಕೊಂಡೆ. “ಅವರ ನಂಬರ್ ಅದ ಏನು?”

“ಮೊಬೈಲ್ ಇಡ್ಲೇ ಇಲ್ರಿ ಅವರು. ಮಿರಜಿಗೆ ಅಕ್ಕನ ಮನಿಗೆ ಹೋದ್ರಂತ.”

ಊರಿಗೆಲ್ಲ ಫೋನ್ ಜೋಡಿಸಿಕೊಟ್ಟ ನನ್ನ ಹತ್ತಿರ ಅವರದೆಂದು ಇದ್ದದ್ದು ೨೩೧ ಒಂದೇ. ಅರ್ಜಿಯನ್ನು ಅವನ ಕೈಯಿಂದ ತಿರುಗಿ ಇಸಿದುಕೊಂಡೆ.

ನಾಲ್ಕಕ್ಕೆ ಮನಸ್ಸು ತಡೆಯದೆ ೨೩೧ ಒತ್ತಿದೆ. ಬಹಳ ಹೊತ್ತು ಬಾರಿಸಿತು. ಕಸ ಹೊಡೆಯುವ ಮಾಳವ್ವ ಎತ್ತಿದಳು.

“ಯಾರ್ರೀ?”

“ನಾನವ್ವಾ, ಬೋರ್ಡಿನ ಸುಲಭಾ. ಟೈಮ್ ಎಷ್ಟಾತು?”

“ನಾಕ್ರಿ,” ಎಂದು ಪಟ್ಟನೆ ಇಟ್ಟಳು.

ಪಂಢರಿನಾಥರಾಯರು ದಿನಾ ಏನು ಕೇಳಿಸಿಕೊಂಡು ಕೂಡುತ್ತಿದ್ದರೆಂದು ಅಂದು ನನಗೆ ತಿಳಿಯಿತು.