ತೆರೆಯದ ಬಾಗಿಲಿನ ಹಳದಿ ಚಿಲಕ

ಚಿಲಕ ಇನ್ನೂ ಒಣಗಿಲ್ಲ, ಮಿರಮಿರ ಹೊಳೆಯುತ್ತಿದೆ, ಉಪ್ಪುಂದದ ಶಾಲೆಯ ಸಭಾಂಗಣದ ಕಿಟಕಿಯಿಂದ ನಾಲ್ಕು ಗಂಟೆಯ ಬಿಸಿಲು ನೇರ ಅದರ ಮೇಲೇ ಬಿದ್ದಿದೆ — ಈ ಆಚಾರಿ ಗುಡ್ಡನಿಗೆ ಎಷ್ಟು ಸಲ ಹೇಳಬೇಕು, ನಾಟಕದ ದಿನವೇ ಬಣ್ಣ ಬಳಿಯಬೇಡ ಎಂದು, ಕೇಳಿದರೆ ತಾನೆ, ಹ್ವಾಯ್ ಚಂದಣ್ಣ, ಚಿಲ್ಕ ಚಂದ ಕಾಣ್ಕ್ ಅಲ್ದಾ, ಜನ ಕಾಂಬುದೇ ಅದನ್ ಎನ್ನುತ್ತಾನೆ — ಚಂದಯ್ಯನಿಗೆ ನಗು ಒತ್ತರಿಸಿ ಬಂತು, ಆದರೆ ರಂಗದ ಮೇಲೆ ಆರಾಮಕುರ್ಚಿಯಲ್ಲಿ ಕೂತ ಸಾಹುಕಾರ ನಗುವ ಹಾಗಿಲ್ಲ, ನಕ್ಕರೆ ಅಂಟಿಸಿದ ಮೀಸೆ ಉದುರುತ್ತದೆ, ಒಂದು ವರ್ಷ ಉದುರಿಯೂ ಇತ್ತು, ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಇಪ್ಪತ್ತೆರಡು ವರ್ಷವಾಯಿತು ಈ ಕುರ್ಚಿಯಲ್ಲಿ ಕೂರಲು ಶುರುಮಾಡಿ, ಕಡಲ ದಡದಲ್ಲಿ ಅವನು ಕೈರಂಪಣಿಯ ಮುಖಂಡ, ಐವತ್ತು ಜನ ನಿಂತು ಎಳೆಯುವ ಬಲೆಗೆ ಅವನ ಮಾತೇ ಮಾತು, ಇಲ್ಲಿ ವರ್ಷಕ್ಕೊಮ್ಮೆ ಅಕ್ಕಿಮಿಲ್ಲಿನ ಸಾಹುಕಾರ. ಅಪ್ಪನ ಕಾಲದ ನಾಟಕ, ಒಂದಕ್ಷರ ಬದಲಾಗಿಲ್ಲ — ಮಿಲ್ಲಿನಲ್ಲಿ ಸತ್ತ ಆಳಿನ ಹೆಂಡತಿ ಬಂದು ಬಾಗಿಲು ಬಡಿಯುತ್ತಾಳೆ, ಮಗಳು ತೆರೆಯಿರಿ ಎನ್ನುತ್ತಾಳೆ, ಸಾಹುಕಾರ ಎದ್ದು ಚಿಲಕದ ಎದುರು ಹೋಗಿ ನಿಂತು, ನಾನು ಬದುಕಿರುವ ತನಕ ಈ ಬಾಗಿಲು ತೆರೆಯುವುದಿಲ್ಲ ಎಂದು ಗುಡುಗುತ್ತಾನೆ, ಪರದೆ ಬೀಳುತ್ತದೆ. ತೆರೆಯದ ಬಾಗಿಲಿಗೆ ಚಿಲಕ ಯಾಕೆ ದಂಡ ಎಂದು ಗುಡ್ಡನ ಅಪ್ಪ ಆಗಲೇ ಹಲಗೆಯ ಮೇಲೆ ಬಣ್ಣದಲ್ಲೇ ಒಂದು ಚಿಲಕ ಬರೆದು, ಬಾಗಿಲನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿಬಿಟ್ಟಿದ್ದ. ಆ ಗುಡುಗಿಗೆ ಸಿಗುವ ಬೈಗುಳವೇ ಚಂದಯ್ಯನ ಸಂಭಾವನೆ, ಬೈಂದೂರಿನ ಬಸ್‌ಸ್ಟ್ಯಾಂಡಿನ ಹೋಟೆಲಿನವನು ಒಮ್ಮೆ, ಹೆಂಗ್ಸಿಗೆ ಬಾಗ್ಲ್ ತೆಗೀದವ್ನಿಗೆ ಚಾ ಇಲ್ಲೆ ಎಂದಿದ್ದ, ಆ ಮಾತನ್ನು ಚಂದಯ್ಯ ವರ್ಷವಿಡೀ ಮೆರೆಸಿದ್ದ.

ಈಗ ವಿನಯಾ ಒಳಗೆ ಬಂದಳು, ಸಾಹುಕಾರನ ಮಗಳಾಗಿ, ತನ್ನ ಮಗಳೇ — ಹೋದ ವರ್ಷದವರೆಗೂ ಕುಷ್ಟ ಸೀರೆ ಉಟ್ಟು, ಗಡ್ಡದ ಮೇಲೆ ಪೌಡರು ಮೆತ್ತಿ ಬರುತ್ತಿದ್ದ, ಈ ವರ್ಷ ಇವಳು ಹಟ ಹಿಡಿದು ಪಾತ್ರ ತೆಗೆದುಕೊಂಡಳು, ಕುಷ್ಟನಿಗೆ ಉಳಿದದ್ದು ಹಿಂದೆ ನಿಂತು ತೆಂಗಿನ ಗೆರಟೆಯಿಂದ ಬಾಗಿಲು ಬಡಿಯುವ ಕೆಲಸ. ಅಪ್ಪಾ ಎಂದಳು. ಎಷ್ಟು ಚಂದ ಕರೆಯುತ್ತಾಳೆ, ಬರೀ ನಾಟಕದಲ್ಲಿ ಆದರೂ, ಮನೆಯಲ್ಲಿ ಹದಿನೇಳು ದಿನದಿಂದ ಇವಳ ಬಾಯಿಗೆ ಬೀಗ, ಗಂಜಿ ಬಡಿಸುತ್ತಾಳೆ, ಮಾತಿಲ್ಲ, ಈ ಒಂದು ಅಪ್ಪಾ ಕೇಳಲಿಕ್ಕೆಂದೇ ಅವನು ರಿಹರ್ಸಲ್ಲಿಗೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದ, ಯಾರಿಗೂ ಗೊತ್ತಿಲ್ಲ. ಎಲ್ಲ ಆ ಪದ್ದುವಿನ ಪಾಲಿನಿಂದ. ಹಗ್ಗಕ್ಕೆ ಕೈ ತಾಗಿಸಿದವರಿಗೆಲ್ಲ ಮೀನಿನ ಪಾಲು, ಅದು ರಂಪಣಿಯ ನೇಮ, ಎಳೆಯುವವ ಸತ್ತರೆ ಅವನ ಮನೆಗೆ ಒಂದು ವರ್ಷ ಪಾಲು, ಅದೂ ನೇಮ — ಭೋಜ ಮೂವತ್ತು ವರ್ಷ ಚಂದಯ್ಯನ ಪಕ್ಕದಲ್ಲೇ ಎಳೆದವನು, ಅವನ ಕೈ ಇವನ ಕೈಗೆ ಒತ್ತಿಕೊಂಡೇ ಇರುತ್ತಿತ್ತು, ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟ, ಈಗ ಅವನ ಹೆಂಡತಿ ಪದ್ದು ಬುಟ್ಟಿ ಹಿಡಿದುಕೊಂಡು ಬಂದರೆ ಹೊಸಬರು ಗೊಣಗಿದರು, ಮೀನೇ ಕಮ್ಮಿ, ಕೈ ಇಲ್ದವ್ರಿಗೆಲ್ಲ ಎಂತಕ್ಕೆ, ಮತ್ತು ಅವನು, ಮುಖಂಡ, ಮುಖ ಆಚೆ ತಿರುಗಿಸಿ, ನಾಳೆಯಿಂದ ಬಪ್ಪುದ್ ಬ್ಯಾಡ ಪದ್ದು ಎಂದುಬಿಟ್ಟ. ಹೇಳಬಾರದಿತ್ತು. ಅವತ್ತು ರಾತ್ರಿಯ ಊಟಕ್ಕೆ ವಿನಯಾ ಹೇಳಿದ್ದೇ ಕೊನೆಯ ಮಾತು, ನಾಟ್ಕಕ್ಕೆ ನಿಂಗೆ ಮೀಸೆ ಬ್ಯಾಡ ಅಪ್ಪಯ್ಯ, ಹಂಗೇ ಹೋಗಿ ಕೂಕೋ.

ಟಕ್ ಟಕ್ — ಕುಷ್ಟನ ಗೆರಟೆ. ಅಪ್ಪಾ, ಹೊರಗೆ ನಿಂತವಳ ಗಂಡನ ಬೆವರು ಈ ಮನೆಯ ಅನ್ನದಲ್ಲಿದೆ, ಬಾಗಿಲು ತೆರೆಯಿರಿ. ಚಂದಯ್ಯ ಎದ್ದ, ಚಿಲಕದ ಎದುರು ನಿಂತ, ಗುಡುಗಲು ಎದೆ ಉಬ್ಬಿಸಿದ, ಇನ್ನೇನು ಮುಂದಿನ ಸಾಲಿನಿಂದ ಪದ್ದುವಿನ ಬೈಗುಳ ಬರಬೇಕು, ಪ್ರತಿವರ್ಷ ಅವಳದೇ ದೊಡ್ಡ ಗಂಟಲು, ತೆಗ್ಯಾ ಬಾಗ್ಲ್, ನಿನ್ ಕೈ ಬಿದ್ ಹೋಯ್ಲಿ ಎಂದು, ಪಕ್ಕದಲ್ಲಿ ಭೋಜ ಬಿದ್ದು ಬಿದ್ದು ನಗುತ್ತ — ಬರಲಿಲ್ಲ. ಓರೆಗಣ್ಣಲ್ಲಿ ನೋಡಿದ. ಪದ್ದು ಅಲ್ಲೇ ಇದ್ದಾಳೆ, ಪಕ್ಕದ ಕುರ್ಚಿ ಖಾಲಿ, ಎರಡೂ ಕೈ ಮಡಿಲಲ್ಲಿಟ್ಟು ಸುಮ್ಮನೆ ಬಾಗಿಲನ್ನೇ ನೋಡುತ್ತಿದ್ದಾಳೆ, ಬೈಯಬಾರದೇ ಮಾರಾಯ್ತಿ, ಒಂದು ಸಲ ಬೈದುಬಿಡೇ. ನಾನು ಬದುಕಿರುವ ತನಕ — ಯಾರದೋ ಮೊಬೈಲು ಕುಂಯ್ ಎಂದು ನಿಂತಿತು, ಟಕ್ ಟಕ್, ಕುಷ್ಟ ಇನ್ನೊಮ್ಮೆ ಬಡಿದ, ಮಾತು ಮರೆತನೆಂದುಕೊಂಡಿರಬೇಕು, ಮರೆತದ್ದಲ್ಲವೋ, ಬೇಡವಾಗಿದೆ, ಇಪ್ಪತ್ತೆರಡು ವರ್ಷ ಹೇಳಿದ್ದು ಸಾಕಾಗಿದೆ — ಚಂದಯ್ಯ ಕೈ ಎತ್ತಿ ಚಿಲಕ ಹಿಡಿದ. ಹಿಡಿಯಲು ಚಿಲಕ ಎಲ್ಲಿದೆ, ಬರೀ ಬಣ್ಣ, ಬೆರಳು ಜಾರಿತು, ಮತ್ತೆ ಹಿಡಿದ, ಮತ್ತೆ ಜಾರಿತು, ಸಭೆಯಲ್ಲಿ ಯಾರೋ ಕಿಸಕ್ಕೆಂದರು, ಮತ್ತು ಕಿವಿಯ ಪಕ್ಕದಲ್ಲೇ, ಪುಸ್ತಕದ ಭಾಷೆ ಬಿಟ್ಟು, ಮನೆಯ ದನಿಯಲ್ಲಿ, ಅಪ್ಪಯ್ಯ, ಅದ್ ಚಿತ್ರ ಮಾರಾಯ, ದೂಡ್ವ ಬಾ. ಅಪ್ಪಯ್ಯ! ಹದಿನೇಳು ದಿನ! ಅವನ ಭುಜಕ್ಕೆ ಅವಳ ಭುಜ, ಐಸಾ ಎಂದು ಬಲೆ ಎಳೆಯುವ ಕೂಗು ಹಾಕಿ ಇಬ್ಬರೂ ದೂಡಿದರು, ಗುಡ್ಡನ ಅಪ್ಪ ಹೊಡೆದ ಮೊಳೆಗಳು ಕಿರ್ರೆಂದವು, ಬಾಗಿಲೂ ಬಾಗಿಲಿನ ಗೋಡೆಯೂ ಒಟ್ಟಿಗೇ ಧಡಾರ್ — ಹಿಂದೆ ಕುಷ್ಟ, ಒಂದು ಕೈಯಲ್ಲಿ ಗೆರಟೆ, ಇನ್ನೊಂದರಲ್ಲಿ ಚಾ ಗ್ಲಾಸು, ಬಾಯಿ ಬಿಟ್ಟುಕೊಂಡು. ಜನವೆಲ್ಲ ಎದ್ದು ನಿಂತು ಸಿಳ್ಳೆ ಹೊಡೆಯುತ್ತಿದ್ದಾರೆ, ಮೀಸೆ ಎಲ್ಲಿ ಬಿತ್ತೋ, ಚಂದಯ್ಯ ಮೊದಲ ಸಾಲಿಗೆ ಬಾಗಿ, ಸಾಹುಕಾರನಾಗಿ ಅಲ್ಲ, ಹ್ವಾಯ್ ಪದ್ದು, ನಾಳೆ ಬುಟ್ಟಿ ಹಿಡ್ಕಂಡ್ ಬಾ, ಯಾರ್ ಬ್ಯಾಡ ಅಂತ್ರ್ ನಾ ಕಾಂತೆ, ಮತ್ತು ಅಯ್ಯೋ ಬಂತು, ಕೊನೆಗೂ ಬಂತು ಆ ದೊಡ್ಡ ಗಂಟಲು, ಒಂದ್ ಬಾಗ್ಲ್ ತೆಗುಕೆ ಇಷ್ಟ್ ವರ್ಷ ಬೇಕಾಯ್ತಾ ನಿಂಗೆ — ಪದ್ದು ಅಳುತ್ತ ನಗುತ್ತ ಬೈಯುತ್ತಿದ್ದಾಳೆ, ಗುಡ್ಡ ನನ್ ಬಾಗ್ಲ್ ನನ್ ಬಾಗ್ಲ್ ಎಂದು ಬೊಬ್ಬೆ ಹೊಡೆಯುತ್ತಿದ್ದಾನೆ, ವಿನಯಾ ಅಪ್ಪನ ಕೈ ಹಿಡಿದೆತ್ತಿ ಜನಕ್ಕೆ ತೋರಿಸುತ್ತಿದ್ದಾಳೆ, ಏನು ತೋರಿಸುತ್ತಿದ್ದಾಳೆ, ತಿರುಗಿಸಿ ನೋಡಿಕೊಂಡ — ಒರೆಸಿದರೆ ಹೋಗುವುದಿಲ್ಲ, ಹೋಗದಿರಲಿ, ನಾಳೆ ಹಗ್ಗಕ್ಕೂ ತಾಗಲಿ, ಭೋಜ ಹಿಡಿಯುತ್ತಿದ್ದ ಜಾಗಕ್ಕೂ — ಅಂಗೈಯ ನಟ್ಟನಡುವೆ, ಹಸಿಹಸಿಯಾಗಿ, ಹಳದಿ ಚಿಲಕ.