ಕೆಂಪು ಬಿಟ್ಟದ್ದು ಯಾಕೆ

ಬನಹಟ್ಟಿಯ ರಾಮಲಿಂಗಪ್ಪನವರು ಸೀರೆಯ ನೂಲಿಗೆ ಬಣ್ಣ ಹಾಕಿಸುವವರು. ಆ ವರ್ಷ ಹೊಸ ಕೆಂಪು ಬಣ್ಣದ ಡಬ್ಬಿಗಳನ್ನು ತರಿಸಿದ್ದರು; ಆ ಕೆಂಪು ತೊಳೆದರೆ ಬಿಡತೊಡಗಿತು. ನೇಕಾರರು ನೂಲು ವಾಪಸು ಕಳಿಸಿದರು.

"ಹೊಸಾ ಬಣ್ಣಾನ ಖೊಟ್ಟಿ ಐತಿ," ಎಂದ ಹಿರಿಯ ಮಗ ಮುತ್ತಣ್ಣ. ಮೀಸೆ ಮೂಡಿದಂದಿನಿಂದ ಬಣ್ಣದ ಹಬೆ ಕುಡಿದವನು ಅವನು.

"ಬಣ್ಣಾ ಅಲ್ಲಣ್ಣಾ, ಬೋರಿನ ನೀರು ಸವಳಾಗೇತಿ, ಉಪ್ಪು ಹೆಚ್ಚಾಗೇತಿ," ಎಂದ ತಮ್ಮ ರಾಜಕುಮಾರ. ಜಮಖಂಡಿಯಲ್ಲಿ ರಸಾಯನಶಾಸ್ತ್ರ ಓದಿ ಆಗಷ್ಟೇ ಮನೆಗೆ ಬಂದಿದ್ದ.

ಅಪ್ಪ ತಮ್ಮನ ಮಾತಿಗೆ ತಲೆಯಾಡಿಸಿದರು. ಮುತ್ತಣ್ಣ ಅದನ್ನೇ ನೋಡಿದ. ತನ್ನ ಮಾತಿಗೆ ಎಂದಾದರೂ ಹೀಗೆ ತಲೆಯಾಡಿಸಿದ್ದರೇ?

ರಾಜಕುಮಾರ ಹೊಳೆಯ ನೀರು ತರಿಸಿ, ಹೊಸ ಬಣ್ಣದಲ್ಲೇ ಒಂದು ಲಡಿ ನೂಲು ಅದ್ದಿದ. ಕೆಂಪು ನಿಂತಿತು.

"ನೀ ಒಡದಿದ್ದು ಬ್ಯಾರೆ ಡಬ್ಬಿ. ಅದೊಂದು ಛಲೋ ಇದ್ದಿರಬೇಕು," ಎಂದ ಮುತ್ತಣ್ಣ.

ಆಮೇಲೆ ತಾನೇ ಮೂಲೆಯಲ್ಲಿ ಉಳಿದಿದ್ದ ಹಳೆಯ ಬಣ್ಣ ಹುಡುಕಿ, ಬೋರಿನ ನೀರಿನಲ್ಲೇ ಅದ್ದಿದ. ಅದೂ ನಿಂತಿತು! ಒದ್ದೆ ಲಡಿ ಹಿಡಿದು ಅಪ್ಪನ ಮುಂದೆ ಹೋಗಿ ನಿಂತ.

ರಾಜಕುಮಾರ ಲಡಿ ಹಿಂಡಿ ನೋಡಿದ. "ಮೊನ್ನೆ ಮಳಿ ಆಗೇತಲ್ಲಣ್ಣಾ, ಬೋರಿನ ಸವಳು ಇಳದಿರಬೇಕು."

ಅಪ್ಪ ಮತ್ತೆ ತಲೆಯಾಡಿಸಿದರು.

"ಅಪ್ಪಾ, ಏನ್ ತಂದು ತೋರಿಸಿದ್ರ ಅವನ್ ಮಾತು ಸುಳ್ಳು ಅಂತಿ, ಹೇಳು!" ಮುತ್ತಣ್ಣ ಲಡಿಯನ್ನು ನೆಲಕ್ಕೆ ಒಗೆದ.

"ನಿನ್ ಮಾತು ಸುಳ್ಳು ಅಂತ ನೀ ಯಾವಾಗ ಒಪ್ಪತಿದ್ದಿ?" ಎಂದರು ಅಪ್ಪ.

ಬೇರೆ ಡಬ್ಬಿ ಎಂದು ತಪ್ಪಿಸಿಕೊಂಡವನು ಮುತ್ತಣ್ಣನೇ. ಮಳೆಯಂಥ ನೆಪ ತನಗೇ ಹೊಳೆದಿದ್ದರೆ ಎಷ್ಟು ಹಿಗ್ಗುತ್ತಿದ್ದೆ ಎಂಬುದು ಅವನಿಗೆ ಗೊತ್ತಿತ್ತು.

ಇನ್ನಷ್ಟು ಪರೀಕ್ಷೆ ಮಾಡುತ್ತ ಕೂರಲು ನೇಕಾರರು ಬಿಡಲಿಲ್ಲ. ರಾಮಲಿಂಗಪ್ಪನವರು ಹೊಳೆಯ ನೀರಿನ ಟ್ಯಾಂಕರನ್ನೂ ತರಿಸಿದರು, ಬೇರೆ ಅಂಗಡಿಯ ಬಣ್ಣವನ್ನೂ ತರಿಸಿದರು. ಕೆಂಪು ಗಟ್ಟಿಯಾಗಿ ನಿಂತಿತು. ನೀರಿನಿಂದಲೋ ಬಣ್ಣದಿಂದಲೋ, ಇನ್ನು ಹೇಳುವಂತಿರಲಿಲ್ಲ. ಬೋರಿನ ನೀರಿಗೋ ಆ ಡಬ್ಬಿಗಳಿಗೋ ಮರಳಿ ನೋಡುವ ಧೈರ್ಯವೂ ಯಾರಿಗೂ ಇರಲಿಲ್ಲ.

ರಬಕವಿಯ ವ್ಯಾಪಾರಿಯೊಬ್ಬ ಬಂದು ನೂಲು ಸವರಿ, "ಭಾರಿ ಆಗೇತ್ರಿ ಸಾಹುಕಾರ್ರ, ಏನ್ ಮಾಡಿದ್ರಿ?" ಎಂದ.

"ನಮ್ಮ ರಾಜು ನೀರಿನ ದೋಷ ಕಂಡು ಹಿಡದಾನ್ರಿ," ಎಂದರು ರಾಮಲಿಂಗಪ್ಪ.

ಕುದಿಯುವ ಕಡಾಯಿಯ ಪಕ್ಕದಲ್ಲಿ ಮುತ್ತಣ್ಣ ಕೋಲಿನಿಂದ ಲಡಿ ಹೊರಳಿಸುತ್ತಿದ್ದ. "ಬಣ್ಣಾನೂ ಬದಲಿ ಮಾಡೇವ್ರಿ," ಎಂದ, ಸ್ವಲ್ಪ ಜೋರಾಗಿಯೇ. ವ್ಯಾಪಾರಿ ಆಗಲೇ ರಾಜಕುಮಾರನ ಕೈ ಕುಲುಕುತ್ತಿದ್ದ.