ಆರು ಗಂಟೆಯ ಬಾಗಿಲು

ಹೊಸದಾಗಿ ಬಂದ ಮ್ಯಾನೇಜರ್ ಸಾಹೇಬರು ಇವತ್ತು ನನ್ನ ಮೇಜಿನ ಮುಂದೆ ನಿಂತು, "ಇಂದ್ರಕಲಾ, ಈ ಅಲಾರಂ ಪಟ್ಟಿಯಲ್ಲಿ ಮೊದಲನೇ ಫೋನ್ ನಂಬರು ತೀರಿಕೊಂಡವರದಂತಲ್ಲ, ತೆಗೆದುಬಿಡಿ" ಅಂದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಊರಿಗೆಲ್ಲ ಗೊತ್ತು. ಆದರೂ "ನೋಡ್ತೀನಿ ಸರ್" ಅಂದು ಚಹಾ ಕುಡಿಯಲು ಎದ್ದುಹೋದೆ.

ಆ ನಂಬರು ಮಾಯ್ಲಾ ದಾಜುವಿನದು. ನಿಜವಾದ ಹೆಸರು ಹರ್ಕಮಾನ್ ರಾಯಿ. ಎರಡನೇ ಮಗನಾದ್ದರಿಂದ ಊರಿಗೆಲ್ಲ ಮಾಯ್ಲಾ, ನಮ್ಮಂಥ ಚಿಕ್ಕವರಿಗೆ ಮಾಯ್ಲಾ ದಾಜು, ಅಂದರೆ ಅಣ್ಣ; ನಾನು ಅವರಿಗೆ ಬಹಿನಿ, ತಂಗಿ. ನಮ್ಮ ರೇಡಿಯೊದ ಸ್ಟುಡಿಯೊ ಇರುವುದು ಭೋಜ್‌ಪುರದ ಬಜಾರಿನಲ್ಲಿ, ಟ್ರಾನ್ಸ್‌ಮಿಟರು ಸಿಮ್ಲೆ ಗುಡ್ಡದ ನೆತ್ತಿಯಲ್ಲಿ. ನಡೆದರೆ ಎರಡೂವರೆ ಗಂಟೆಯ ಏರು. ಅದನ್ನು ಹನ್ನೊಂದು ವರ್ಷ ಕಾದವರು, ನೆತ್ತಿಯ ಕೆಳಗೇ ಮನೆಯಿದ್ದ ದಾಜು.

ಆ ಕಾಲದಲ್ಲಿ ಗುಡ್ಡದ ಮೇಲೆ ಫೋನ್ ಸಿಗುತ್ತಿರಲಿಲ್ಲ. ದಾಜುವಿಗೆ ಏನಾದರೂ ಹೇಳಬೇಕೆಂದರೆ ರೇಡಿಯೊದಲ್ಲೇ ಹೇಳುವುದು. ಎರಡು ಹಾಡುಗಳ ನಡುವೆ ನಮ್ಮ ಸಬಿತ್ರಾ ಮೈಕಿನಲ್ಲಿ, "ಮಾಯ್ಲಾ ದಾಜು, ದನಿ ಕರಕರ ಅಂತಿದೆ, ಸ್ವಲ್ಪ ನೋಡಿ" ಅನ್ನುವಳು. ದಾಜು ಸರಿಮಾಡಿ, ಟ್ರಾನ್ಸ್‌ಮಿಟರನ್ನು ಎರಡು ಸಲ ಆರಿಸಿ ಹಾಕುವರು. ಅದೇ ಅವರ "ಆಯ್ತು". ಜಿಲ್ಲೆಯ ರೇಡಿಯೊಗಳೆಲ್ಲ ಕಣ್ಣು ಮಿಟುಕಿಸಿದ ಹಾಗೆ ಎರಡು ಸಲ ಸುಮ್ಮನಾಗಿ ಮತ್ತೆ ಮಾತಾಡುತ್ತಿದ್ದವು. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು, "ಮಾಯ್ಲಾ ಹೂಂ ಅಂದ ನೋಡೇ" ಎಂದು ನಗುತ್ತಿದ್ದರು.

ದಾಜು ಸಂತೆಗೆ ಇಳಿದು ಬಂದರಂತೂ ಮುಗಿದೇ ಹೋಯಿತು, ಆ ಹೆಂಗಸರು ಮುತ್ತಿಕೊಳ್ಳುವರು. "ಏನ್ ದಾಜು, ನಿನ್ನೆ ಸಬಿತ್ರಾ ಊಟ ಆಯ್ತಾ ಅಂತ ಕೇಳಿದ್ಲು, ನೀವು ಉತ್ತರಾನೇ ಕೊಡ್ಲಿಲ್ಲ. ಮುನಿಸಾ?"

"ಎರಡೂ ಕೈ ಢಿಂಡೊ ಮುದ್ದೆ ತಟ್ಟೇಲಿತ್ತು ಕಣಮ್ಮ. ಸ್ವಿಚ್ಚನ್ನ ಏನು ಮೂಗಲ್ಲಿ ಒತ್ತಲಾ?"

ಆಮೇಲೆ ಎದುರು ಗುಡ್ಡಕ್ಕೆ ಮೊಬೈಲ್ ಟವರ್ ಬಂತು, ಅದರ ಹಿಂದೆಯೇ ನಮಗೆ ಈ ಅಲಾರಂ ಪೆಟ್ಟಿಗೆ ಬಂತು. ಒಳಗೊಂದು ಸಿಮ್. ಟ್ರಾನ್ಸ್‌ಮಿಟರಿಗೆ ಏನಾದರೂ ಆದರೆ ತಾನಾಗಿಯೇ ಟೆಕ್ನಿಷಿಯನ್ ಆದ ನನ್ನ ಫೋನಿಗೆ ಸಂದೇಶ ಕಳಿಸುತ್ತದೆ. ಯಾವಾಗ ಹೆದರಬೇಕು ಅನ್ನುವುದನ್ನು ಮಾತ್ರ ನಾವು ಅದಕ್ಕೆ ಹೇಳಿಕೊಡಬೇಕು. ಜೊತೆಗೆ ಬಂದ ಪುಸ್ತಕದಲ್ಲಿ ಯಾವುದೋ ಊರಿನ ಅಂಕಿಗಳಿದ್ದವು. ಅದನ್ನು ಮುಚ್ಚಿಟ್ಟು, ಪೆಟ್ಟಿಗೆ ಕೂರಿಸಲು ಗುಡ್ಡ ಹತ್ತಿದ ನಾನು ದಾಜುವನ್ನೇ ಕೇಳಿದೆ.

"ಎಷ್ಟು ವಾಟ್‌ಗೆ ಇಳಿದ್ರೆ ನಿಮಗೆ ಭಯ ಆಗತ್ತೆ?"

"ನಾನೂರೆಂಬತ್ತು ಇರತ್ತೆ. ನಾನೂರೈವತ್ತಾದ್ರೆ ಇರ್ಲಿ ಬಿಡು ಅಂತೀನಿ. ನಾನೂರಿಪ್ಪತ್ತು ಅಂದ್ರೆ ಕೂತಲ್ಲಿ ಕೂರಕ್ಕಾಗಲ್ಲ ಬಹಿನಿ."

ನಾನೂರಿಪ್ಪತ್ತು ಒತ್ತಿದೆ. "ಕಾವು?"

"ಮೇಲೆ ಕೈ ಇಟ್ಟು ಹತ್ತು ಎಣಿಸ್ತೀನಿ. ಎಣಿಸೋಕಾಗ್ಲಿಲ್ಲ ಅಂದ್ರೆ ಫ್ಯಾನ್ ಕೆಟ್ಟಿದೆ ಅಂತ."

ಕೈಯನ್ನು ಪೆಟ್ಟಿಗೆಗೆ ಹೇಳಿಕೊಡುವುದು ಹೇಗೆ? ಫ್ಯಾನ್ ನಿಲ್ಲಿಸಿ, ಎಣಿಕೆ ಏಳಕ್ಕೇ ನಿಂತು ದಾಜು ಕೈ ಕಿತ್ತುಕೊಂಡಾಗ ಮಾಪಕ ಎಷ್ಟು ತೋರಿಸಿತೋ ಅದನ್ನೇ ಬರೆದೆ: ಐವತ್ತೆರಡು ಡಿಗ್ರಿ. ಹನ್ನೊಂದು ವರ್ಷದ ಅವರ ಕಳವಳವೆಲ್ಲ ಮಧ್ಯಾಹ್ನದೊಳಗೆ ಪೆಟ್ಟಿಗೆ ಸೇರಿತು. ಕೊನೆಗೆ ಕಳ್ಳರ ಭಯಕ್ಕೆ ಆ ಕೋಣೆಯ ಬಾಗಿಲಿಗೂ ಒಂದು ಸ್ವಿಚ್ ಕೂರಿಸಿದೆ. ತೆರೆದರೆ ಒಂದು ಸಂದೇಶ, ಮುಚ್ಚಿದರೆ ಒಂದು.

"ಹಾಗಾದ್ರೆ ನಾನು?" ದಾಜು ಕೇಳಿದರು.

"ನೀವು ಆರಾಮಾಗಿ ಆಡು ಮೇಯಿಸ್ಕೊಂಡಿರಿ. ದಿನಾ ಹತ್ತೋ ಕಷ್ಟ ತಪ್ತು."

ಅವರು ಧೂಳು ಒರೆಸುವ ಬಟ್ಟೆಯನ್ನು ಮಡಿಸಿ ಮೂಲೆಯಲ್ಲಿಟ್ಟರು. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹೊಸ ಪೆಟ್ಟಿಗೆಯ ಜಂಬ ನನಗೆ.

ಮರುದಿನ ಸಬಿತ್ರಾ ಅಭ್ಯಾಸಬಲದಿಂದ, "ಮಾಯ್ಲಾ ದಾಜು, ಹೊಸ ಪೆಟ್ಟಿಗೆ ಹೇಗಿದೆ?" ಅಂದಳು. ರೇಡಿಯೊ ಎರಡು ಸಲ ಸುಮ್ಮನಾಯಿತು. ನನ್ನ ಫೋನಿಗೆ ಅಲಾರಂ ಮೇಲೆ ಅಲಾರಂ. ನನಗೆ ತಲೆ ಕೆಟ್ಟುಹೋಯಿತು. "ಯಾರು ದಾಜು ಮುಟ್ಟೋಕೆ ಹೇಳಿದ್ದು? ಎಲ್ಲಾ ಪೆಟ್ಟಿಗೇನೇ ನೋಡ್ಕೊಳ್ಳತ್ತೆ. ಸುಮ್ನೆ ಕೈ ಹಾಕ್ಬೇಡಿ!" ಎಂದು ಫೋನಿನಲ್ಲಿ ಕೂಗಾಡಿದೆ.

"ಆಯ್ತು ಬಹಿನಿ" ಅಂದರು. ಅವತ್ತಿನಿಂದ ರೇಡಿಯೊ ಕಣ್ಣು ಮಿಟುಕಿಸಲಿಲ್ಲ.

ಆದರೆ ಬೆಳಿಗ್ಗೆ ಆರಕ್ಕೆ ಸರಿಯಾಗಿ "ಬಾಗಿಲು ತೆರೆದಿದೆ" ಎಂದು ಸಂದೇಶ ಬರತೊಡಗಿತು. ಆರೂ ಇಪ್ಪತ್ತಕ್ಕೆ "ಬಾಗಿಲು ಮುಚ್ಚಿದೆ". ದಿನಾ. ಸಂತೆಯಲ್ಲಿ ಸಿಕ್ಕಾಗ ಕೇಳಿದರೆ, "ಧೂಳು ಹೊಡ್ದು ಬರ್ತೀನಿ ಅಷ್ಟೆ. ಏನೂ ಮುಟ್ಟಲ್ಲ, ನಿನ್ನಾಣೆ" ಅಂದರು. ಬೆಳಗಿನ ನಿದ್ದೆ ಹಾಳು ಎಂದು ಸಿಟ್ಟಾಗಿ, ಆರರಿಂದ ಏಳರವರೆಗೆ ಬಾಗಿಲಿನ ಅಲಾರಂ ಬಾಯಿ ಮುಚ್ಚಿಸಿಬಿಡೋಣ ಎಂದುಕೊಂಡೆ. ಎರಡು ಗುಂಡಿ ಒತ್ತಿದರೆ ಆಗುವ ಕೆಲಸ. ನಾಳೆ ಮಾಡಿದರಾಯಿತು ಎಂದು ತಳ್ಳುತ್ತಾ ಬಂದೆ. ಅಷ್ಟರಲ್ಲಿ ಅದೇ ರೂಢಿಯಾಗಿಹೋಯಿತು. ಬಾಗಿಲು ತೆರೆದಾಗ ಚಹಾಕ್ಕೆ ನೀರಿಡುವುದು, ಮುಚ್ಚುವ ಹೊತ್ತಿಗೆ ಲೋಟ ಖಾಲಿ ಮಾಡುವುದು.

ಮಂಗ್ಸಿರ್ ತಿಂಗಳ ಚಳಿ. ಒಂದು ಬೆಳಿಗ್ಗೆ ಎಂದಿನಂತೆ ಆರಕ್ಕೆ ಬಾಗಿಲು ತೆರೆಯಿತು. ಚಹಾ ಮುಗಿಯಿತು, ಲೋಟವನ್ನೂ ತೊಳೆದಿಟ್ಟೆ. ಎರಡನೇ ಸಂದೇಶ ಬರಲಿಲ್ಲ. ಆರೂವರೆ. ಆರೂ ಮುಕ್ಕಾಲು. ಪೆಟ್ಟಿಗೆಯನ್ನು ಕೇಳಿದೆ: ನಾನೂರೆಂಬತ್ತು ವಾಟ್, ಬ್ಯಾಟರಿ ಭರ್ತಿ, ಕಾವು ಕಡಿಮೆ. ಅದರ ಪ್ರಕಾರ ಎಲ್ಲ ಸರಿಯಾಗಿತ್ತು. ದಾಜುವಿನ ಫೋನ್ ಬಡಿದುಕೊಂಡು ಬಡಿದುಕೊಂಡು ನಿಂತುಹೋಯಿತು. ಅವರ ತಮ್ಮನ ಮನೆಗೆ ಮಾಡಿದರೆ, "ಆಡಿನ ಹಿಂದೆ ಹೋಗಿರ್ತಾನೆ, ಮಧ್ಯಾಹ್ನ ಬರ್ತಾನೆ ಬಿಡು" ಅಂದರು.

ದಾಜು ಬಾಗಿಲು ಹಾಕದೆ ಹೋಗುವವರಲ್ಲ. ಚಪ್ಪಲಿಯನ್ನೂ ಮೆಟ್ಟದೆ ಸ್ಟುಡಿಯೊಗೆ ಓಡಿ, ಸಬಿತ್ರಾಳ ಹಾಡು ನಿಲ್ಲಿಸಿ, ಮೈಕನ್ನು ನಾನೇ ಎಳೆದುಕೊಂಡೆ. "ಸಿಮ್ಲೆ ಹತ್ರ ಯಾರಿದ್ದೀರಿ, ಮೇಲಕ್ಕೆ ಓಡಿ! ಮಾಯ್ಲಾ ದಾಜು ಇನ್ನೂ ಬಾಗಿಲು ಹಾಕಿಲ್ಲ!"

ಹುಲ್ಲು ಕೊಯ್ಯುತ್ತಿದ್ದ ಹೆಂಗಸರು ಅರ್ಧ ಗಂಟೆಯಲ್ಲಿ ಮೇಲೆ ತಲುಪಿದರು. ಹೊರಗಿನ ಸೋಲಾರ್ ಹಲಗೆ ಒರೆಸಲು ಹೋದ ದಾಜು ಹಿಮ ಕಟ್ಟಿದ ಕಲ್ಲಿನ ಮೇಲೆ ಜಾರಿ, ಸೊಂಟ ಮುರಿದುಕೊಂಡು ಬಿದ್ದಿದ್ದರು. ಫೋನು ಒಳಗೆ ಮೇಜಿನ ಮೇಲಿತ್ತು. ತೆರೆದ ಬಾಗಿಲಿನಿಂದ ರೇಡಿಯೊ ಮಾತ್ರ ಕೇಳುತ್ತಿತ್ತಂತೆ. "ನನ್ನ ಬಾಗ್ಲು ವಿಷ್ಯ ಜಿಲ್ಲೆಗೆಲ್ಲ ಡಂಗುರ ಹೊಡೆದ್ಲಲ್ಲ ಈ ಹುಡುಗಿ" ಅಂದರಂತೆ, ತುಟಿ ನೀಲಿಗಟ್ಟಿದ್ದರೂ. ಬುಟ್ಟಿಯಲ್ಲಿ ಕೂರಿಸಿ, ಸರದಿಯ ಮೇಲೆ ಹೊತ್ತು ಕೆಳಗೆ ತಂದರು. ಆ ಚಳಿಯಲ್ಲಿ ಮಧ್ಯಾಹ್ನದವರೆಗೆ ಬಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ನಾನು ಒತ್ತದೆ ಬಿಟ್ಟ ಆ ಎರಡು ಗುಂಡಿ ನೆನೆದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ದಾಜು ಮತ್ತೆ ಗುಡ್ಡ ಹತ್ತಲಿಲ್ಲ. ಬಜಾರಿನಲ್ಲೇ ಮಗಳ ಮನೆಯಲ್ಲಿ ಉಳಿದರು. ನಾನು ಮಾಡಿದ್ದು ಎರಡೇ ಕೆಲಸ. ಅಲಾರಂ ಪಟ್ಟಿಯಲ್ಲಿ ನನ್ನ ನಂಬರಿಗಿಂತ ಮೇಲೆ ಅವರ ನಂಬರು ಹಾಕಿದೆ. ಶುಕ್ರವಾರ ಸಂಜೆ ಗುಡ್ಡ ಹತ್ತಿ, ಅವರ ತಮ್ಮನ ಮನೆಯಲ್ಲಿ ಉಳಿದು, ಶನಿವಾರ ಬೆಳಿಗ್ಗೆ ಧೂಳು ಹೊಡೆಯತೊಡಗಿದೆ.

ಮೊದಲ ಶನಿವಾರ ಬಾಗಿಲು ತೆರೆದಾಗ ಆರೂ ಹತ್ತು. ಸಬಿತ್ರಾ ಹಾಡು ಮುಗಿಸಿ, "ಮಾಯ್ಲಾ ದಾಜು, ಹೇಗಿದ್ದೀರಿ? ಎಲ್ರೂ ಕೇಳ್ತಿದಾರೆ" ಅಂದಳು. ನನಗೇನಾಯಿತೋ, ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು. ಆರಿಸಿದೆ, ಹಾಕಿದೆ. ಆರಿಸಿದೆ, ಹಾಕಿದೆ.

ಒಂದು ನಿಮಿಷವೂ ಆಗಿಲ್ಲ, ಫೋನ್ ಬಂತು. "ಯಾರು ಬಹಿನಿ ಮುಟ್ಟೋಕೆ ಹೇಳಿದ್ದು? ಎಲ್ಲಾ ಪೆಟ್ಟಿಗೇನೇ ನೋಡ್ಕೊಳ್ಳತ್ತೆ. ಸುಮ್ನೆ ಕೈ ಹಾಕ್ಬೇಡ!" ಆ ದನಿಯಲ್ಲಿದ್ದುದು ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಆಮೇಲೆ, "ಹತ್ತು ನಿಮಿಷ ತಡ ಬೇರೆ" ಅಂದರು.

ನಾಲ್ಕು ವರ್ಷ ಪ್ರತಿ ಶನಿವಾರ ಆ ಬೈಗುಳ ತಿಂದಿದ್ದೇನೆ. ಹೋದ ಪುಸ್ ತಿಂಗಳಲ್ಲಿ ದಾಜು ಹೋಗಿಬಿಟ್ಟರು. ಫೋನು ಮಗಳ ಹತ್ತಿರ ಇದೆ, ಅವಳು ಅದನ್ನು ಚಾರ್ಜಿಗೆ ಹಾಕಿಯೇ ಇಟ್ಟಿದ್ದಾಳೆ. "ಶನಿವಾರ ಅದು ಸದ್ದು ಮಾಡಿದ್ಮೇಲೇ ನಾನು ಒಲೆ ಹಚ್ಚೋದು ದಿದಿ" ಅನ್ನುತ್ತಾಳೆ.

ನೋಡ್ತೀನಿ ಎಂದು ಸಾಹೇಬರಿಗೆ ಹೇಳಿದ್ದೆನಲ್ಲ, ನೋಡಿದೆ. ತೆಗೆಯುವುದಿಲ್ಲ. ಇವತ್ತು ಶುಕ್ರವಾರ, ಬೇಗ ಗುಡ್ಡ ಹತ್ತಬೇಕು. ನಾಳೆ ಆರಕ್ಕೆ ಸರಿಯಾಗಿ ಬಾಗಿಲು ತೆರೆಯಬೇಕು. ತಡವಾದರೆ ಬೈಯುವವರು ಈಗ ಯಾರೂ ಇಲ್ಲ.